ಬಿಸಿನೆಸ್ ಇಂಗ್ಲಿಷ್ ಯಾರಿಗೆ ಒಲಿಯುತ್ತದೆ? ತರಗತಿಯಲ್ಲೇ ಹುಡುಕಿಕೊಂಡ ಉತ್ತರ

ಒಂದೇ ತರಗತಿ, ಒಂದೇ ಪುಸ್ತಕ, ಪಾಠ ಮಾಡುವವಳೂ ಒಬ್ಬಳೇ. ಆದರೂ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಕೆಲವರು ಗ್ರಾಹಕರಿಗೆ ನೇರವಾಗಿ ಕಳಿಸಬಹುದಾದಂಥ ಮೇಲ್ ಬರೆಯುತ್ತಾರೆ, ಮೀಟಿಂಗಿನಲ್ಲಿ ತಮ್ಮ ಮಾತು ತಾವೇ ಹೇಳುತ್ತಾರೆ. ಇನ್ನು ಕೆಲವರು ಬಂದ ದಿನ ಎಲ್ಲಿದ್ದರೋ ಹೋಗುವ ದಿನವೂ ಅಲ್ಲೇ ಇರುತ್ತಾರೆ. ವಿಶ್ವವಿದ್ಯಾಲಯದಲ್ಲಿ ವಾಣಿಜ್ಯದ ವಿದ್ಯಾರ್ಥಿಗಳಿಗೆ ಬಿಸಿನೆಸ್ ಇಂಗ್ಲಿಷ್ ಕಲಿಸುವವರೆಲ್ಲ ಇದನ್ನು ಕಂಡಿರುತ್ತಾರೆ. "ಬೇಸ್ ಗಟ್ಟಿ ಇದ್ದವರು ಕಲಿತರು, ಇಲ್ಲದವರು ಬಿಟ್ಟರು" ಎಂದು ಸ್ಟಾಫ್ ರೂಮಿನಲ್ಲಿ ಆ ವಿಷಯ ಅಲ್ಲಿಗೇ ಮುಗಿದುಹೋಗುತ್ತದೆ. ಆ ಉತ್ತರ ನನಗೆ ಒಪ್ಪಿಗೆಯಾಗಲಿಲ್ಲ. ಶಾಲೆಯಿಂದ ಒಳ್ಳೆಯ ಇಂಗ್ಲಿಷ್ ಹೊತ್ತು ಬಂದವರಲ್ಲಿ ಕೆಲವರು ನಿಂತ ನೀರಾಗಿ ಉಳಿಯುತ್ತಿದ್ದರು. ಒಂದು ವಾಕ್ಯಕ್ಕೆ ಮೂರು ತಪ್ಪು ಮಾಡುತ್ತಿದ್ದವರಲ್ಲಿ ಕೆಲವರು ಕಣ್ಣೆದುರೇ ಬೆಳೆಯುತ್ತಿದ್ದರು. ಬೇಸ್ ಒಂದೇ ಕಾರಣವಾಗಿದ್ದರೆ ಹೀಗಾಗಬಾರದು.

ಹಾಗಾಗಿ ವಿಭಾಗದ ಒಪ್ಪಿಗೆ ಪಡೆದು, ವಿದ್ಯಾರ್ಥಿಗಳಿಗೂ ತಿಳಿಸಿ, ಎರಡು ಸೆಮಿಸ್ಟರ್ ಪೂರ್ತಿ ನನ್ನದೇ ತರಗತಿಯನ್ನು ಗಮನಿಸುವ ಕೆಲಸಕ್ಕೆ ಇಳಿದೆ. ವಿಧಾನ ಬಹಳ ಸರಳ. ಮೊದಲಲ್ಲಿ, ನಡುವೆ, ಕೊನೆಯಲ್ಲಿ ಒಂದೇ ಬಗೆಯ ಬರಹದ ಕೆಲಸ ಕೊಡುವುದು, ಅಂಕ ಹಾಕದೆ ಎತ್ತಿಡುವುದು. ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತಾಡುವುದು. ಪಾಠ ಮುಗಿದ ಕೂಡಲೇ ಕಂಡದ್ದನ್ನು ಡೈರಿಯಲ್ಲಿ ಬರೆದಿಡುವುದು. ಈ ಕ್ಷೇತ್ರದಲ್ಲಿ ದಶಕಗಳಿಂದ ಆಗಿರುವ ಸಂಶೋಧನೆಯನ್ನು ಜೊತೆಜೊತೆಗೇ ಓದುತ್ತಾ ಹೋದೆ. ಓದಿದ್ದು ಕೆಲವು ಕಡೆ ಕಂಡದ್ದಕ್ಕೆ ಹೆಸರು ಕೊಟ್ಟಿತು, ಕೆಲವು ಕಡೆ ಮುಂದೆ ಏನು ಮಾಡಿ ನೋಡಬೇಕು ಎಂದು ತೋರಿಸಿತು.

ಮೊದಲ ಹೆಜ್ಜೆ, ಇವರಿಗೆ ಏನು ಬೇಕು ಎಂದು ಕೇಳುವುದು. ನಿರ್ದಿಷ್ಟ ಉದ್ದೇಶಕ್ಕಾಗಿ ಇಂಗ್ಲಿಷ್ ಕಲಿಸುವ ಬಗ್ಗೆ 1987ರಲ್ಲಿ ಬರೆದ ಟಾಮ್ ಹಚಿನ್ಸನ್ ಮತ್ತು ಅಲನ್ ವಾಟರ್ಸ್ ಕಲಿಯುವವರ ಅಗತ್ಯವನ್ನು ಮೂರಾಗಿ ಒಡೆದು ನೋಡಿದ್ದರು: ಕೆಲಸ ಏನನ್ನು ಕೇಳುತ್ತದೆ, ಕಲಿಯುವವನಲ್ಲಿ ಯಾವುದು ಕೊರತೆ, ಅವನು ಬಯಸುವುದು ಏನು. ಈ ಮೂರೂ ಒಂದೇ ಆಗಿರಬೇಕಿಲ್ಲ ಎಂಬುದೇ ಅವರ ಮಾತಿನ ತಿರುಳು. ನನ್ನ ತರಗತಿಯಲ್ಲಿ ಬಹುತೇಕ ಎಲ್ಲರೂ ಕೊಟ್ಟ ಉತ್ತರ, "ಫ್ಲುಯೆಂಟ್ ಆಗಿ ಮಾತಾಡಬೇಕು ಮೇಡಂ." ಯಾರ ಹತ್ತಿರ, ಯಾವ ವಿಷಯ ಎಂದು ಕೇಳಿದರೆ ಸುಮ್ಮನಾಗುತ್ತಿದ್ದರು. ಕಣ್ಣ ಮುಂದೆ ಇದ್ದದ್ದು ವೇದಿಕೆ, ಮೈಕು, ಚಪ್ಪಾಳೆ.

ಇದೇ ವಿಭಾಗದಿಂದ ಹೊರಗೆ ಹೋಗಿ ಕೆಲಸದಲ್ಲಿರುವ ಹಳೆಯ ವಿದ್ಯಾರ್ಥಿಗಳಿಗೆ ನಾನು ಬೇರೊಂದು ಪ್ರಶ್ನೆ ಕಳಿಸಿದ್ದೆ: ಹೋದ ವಾರ ಇಂಗ್ಲಿಷ್‌ನಲ್ಲಿ ಏನೇನು ಮಾಡಿದಿರಿ, ಪಟ್ಟಿ ಮಾಡಿ. ಬಂದ ಪಟ್ಟಿಗಳಲ್ಲಿ ವೇದಿಕೆ ಎಲ್ಲೋ ಒಂದೆರಡು ಕಡೆ. ಉಳಿದದ್ದೆಲ್ಲ ಬಾಕಿ ಹಣಕ್ಕೆ ನೆನಪಿನ ಮೇಲ್, ಮೀಟಿಂಗಿನ ನಡಾವಳಿ, ಎಕ್ಸೆಲ್ ಶೀಟನ್ನು ಕಾಲ್‌ನಲ್ಲಿ ವಿವರಿಸುವುದು, ತಡವಾದ ಸರಕಿನ ಬಗ್ಗೆ ಗ್ರಾಹಕರನ್ನು ಸಮಾಧಾನ ಮಾಡುವುದು, ಇಂಗ್ಲಿಷ್ ತಮಗೂ ಮಾತೃಭಾಷೆಯಲ್ಲದ ಬೇರೆ ದೇಶದವರೊಡನೆ ಚಾಟ್. ಈ ಕೊನೆಯದನ್ನು ಗಮನಿಸಬೇಕು. ಇಂದಿನ ವ್ಯಾಪಾರದ ಇಂಗ್ಲಿಷ್‌ನಲ್ಲಿ ಬಹಳಷ್ಟು ಮಾತು ನಡೆಯುವುದು ಎರಡೂ ಕಡೆ ಅದನ್ನು ಕಲಿತು ಬಂದವರ ನಡುವೆ. ಅಲ್ಲಿ ಉಚ್ಚಾರಣೆಯ ನಾಜೂಕಿಗಿಂತ ವಿಷಯ ಕೂಡಲೇ ತಿಳಿಯುವುದು ಮುಖ್ಯ.

ಆ ಪಟ್ಟಿಗಳನ್ನು ತರಗತಿಯಲ್ಲಿ ಓದಿಸಿದೆ. ನಾನು ಎಷ್ಟು ಹೇಳಿದರೂ ಆಗದ ಕೆಲಸವನ್ನು ಅವು ಮಾಡಿದವು. ಆಸೆ ಮತ್ತು ಅಗತ್ಯದ ನಡುವಿನ ದೂರ ಯಾರಿಗೆ ಕಂಡಿತೋ ಅವರ ಕಲಿಕೆಯ ದಿಕ್ಕೇ ಬದಲಾಯಿತು. ಸಂಜೆ ಹೊತ್ತು ಒಂದು ಕಚೇರಿಯಲ್ಲಿ ಬಿಲ್ಲಿಂಗ್ ಕೆಲಸಕ್ಕೆ ಹೋಗುತ್ತಿದ್ದ ಒಬ್ಬ ಹುಡುಗ ಮರುವಾರವೇ ಬಂದು, "ಇನ್‌ವಾಯ್ಸಿನಲ್ಲಿ ಟ್ಯಾಕ್ಸ್ ತಪ್ಪು ಬಿದ್ದಿದೆ ಅಂತ ಮರ್ಯಾದೆಯಾಗಿ ಹೇಳೋದು ಹೇಗೆ ಮೇಡಂ?" ಎಂದು ಕೇಳಿದ. ಅಷ್ಟು ದಿನದಲ್ಲಿ ಅವನು ಕೇಳಿದ ಮೊದಲ ಪ್ರಶ್ನೆ ಅದು. ಅವನು ಎಲ್ಲರಿಗಿಂತ ಹೆಚ್ಚು ಮುಂದೆ ಹೋದವರಲ್ಲಿ ಒಬ್ಬನಾದ.

ಎರಡನೆಯದು ಪದಸಂಪತ್ತು. ಇದು ಒಣ ವಿಷಯ, ಆದರೆ ದಾಟಿ ಹೋಗುವಂತಿಲ್ಲ. ಒಂದು ಬರಹವನ್ನು ಯಾರ ನೆರವೂ ಇಲ್ಲದೆ ಸರಾಗವಾಗಿ ಅರ್ಥ ಮಾಡಿಕೊಳ್ಳಲು ಅದರಲ್ಲಿನ ಸುಮಾರು ಶೇ. 98ರಷ್ಟು ಪದಗಳು ಗೊತ್ತಿರಬೇಕು ಎಂದು ಹೂ ಮತ್ತು ಪಾಲ್ ನೇಷನ್ ಅವರ 2000ರ ಅಧ್ಯಯನ ಹೇಳುತ್ತದೆ. ಅಂದರೆ 50 ಪದಕ್ಕೆ ಒಂದು ಮಾತ್ರ ಅಪರಿಚಿತ. ಶೇ. 95 ಆದರೆ 20ಕ್ಕೆ ಒಂದು. ಕೇಳಲು ಸಣ್ಣ ವ್ಯತ್ಯಾಸ. 200 ಪದದ ಒಂದು ವ್ಯವಹಾರದ ಪತ್ರದಲ್ಲಿ ಅದು ನಾಲ್ಕಕ್ಕೂ ಹತ್ತಕ್ಕೂ ಇರುವ ವ್ಯತ್ಯಾಸ. ಹತ್ತು ಅಪರಿಚಿತ ಪದಗಳಿರುವ ಪತ್ರವನ್ನು ಓದುವವನು ಪತ್ರ ಓದುತ್ತಿರುವುದಿಲ್ಲ, ಊಹಿಸುತ್ತಿರುತ್ತಾನೆ. ನಾವು ಪಾಠಕ್ಕೆ ಆರಿಸಿದ್ದ ವಾರ್ಷಿಕ ವರದಿಯ ತುಣುಕುಗಳಲ್ಲಿ ಗೊತ್ತಿಲ್ಲದ ಪದಗಳಿಗೆ ಗೆರೆ ಹಾಕಿಸಿ ನೋಡಿದೆ. ತರಗತಿಯ ಹಿಂದಿನ ಸಾಲುಗಳಲ್ಲಿ ಹಾಳೆಗಳು ಗೆರೆಗಳಿಂದಲೇ ತುಂಬಿದ್ದವು. ಅವರು "ಆಸಕ್ತಿ ಇಲ್ಲದವರು" ಎಂದು ಹೆಸರು ಪಡೆದಿದ್ದ ಮಕ್ಕಳು. ಅರ್ಥವೇ ಆಗದ ಪಠ್ಯದ ಮೇಲೆ ಯಾರಿಗೆ ಎಷ್ಟು ಹೊತ್ತು ಆಸಕ್ತಿ ಇದ್ದೀತು? ಅವರಿಗೆ ಸುಲಭದ ಪಠ್ಯ ಕೊಟ್ಟು ಶುರುಮಾಡಿದೆ. ಬಿಡಿ ಪದದ ಪಟ್ಟಿ ಬಿಟ್ಟು, ಜೋಡಿಯಾಗಿ ಬರುವ ಮಾತುಗಳನ್ನು ಬರೆಸಿದೆ: ಪ್ಲೇಸ್ ಆ್ಯನ್ ಆರ್ಡರ್, ರೈಸ್ ಆ್ಯನ್ ಇನ್‌ವಾಯ್ಸ್, ಮೀಟ್ ಎ ಡೆಡ್‌ಲೈನ್. ಯಾವ ನಾಮಪದದ ಜೊತೆ ಯಾವ ಕ್ರಿಯಾಪದ ಕೂರುತ್ತದೆ ಎಂಬುದು ಗೊತ್ತಾದರೆ ಅರ್ಧ ವಾಕ್ಯ ತಾನಾಗಿ ಬರುತ್ತದೆ.

ಹೀಗೆ ಕಲಿತ ಪದ ಉಳಿಯುವುದು ಮರಳಿ ಮರಳಿ ಎದುರಾದಾಗ. ಕಲಿತದ್ದು ಮೊದಲ ಕೆಲವು ತಾಸುಗಳಲ್ಲೇ ಬಹಳ ವೇಗವಾಗಿ ಮರೆತುಹೋಗುತ್ತದೆ, ಆಮೇಲೆ ಆ ವೇಗ ಇಳಿಯುತ್ತದೆ ಎಂದು ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೇ ಪ್ರಯೋಗ ಮಾಡಿಕೊಂಡು ತೋರಿಸಿದ್ದ. ಪರೀಕ್ಷೆಯ ಹಿಂದಿನ ರಾತ್ರಿ ಓದಿದ ಪದ ಕೆಲಸದ ಮೊದಲ ದಿನದವರೆಗೆ ಬರುವುದಿಲ್ಲ. ಹಳೆಯ ಪದಗಳನ್ನು ವಾರ ಬಿಟ್ಟು, ತಿಂಗಳು ಬಿಟ್ಟು ಮತ್ತೆ ಬಳಸಲೇಬೇಕಾದಂತೆ ಅಸೈನ್‌ಮೆಂಟ್ ಹೊಂದಿಸಿದೆ.

ಇನ್ನು ಹೆದರಿಕೆ. ಎಲೇನ್ ಹಾರ್ವಿಟ್ಸ್ ಮತ್ತು ಸಂಗಡಿಗರು 1986ರಲ್ಲಿ, ಪರಭಾಷೆಯ ತರಗತಿಯಲ್ಲಿ ಉಂಟಾಗುವ ಆತಂಕವನ್ನು ಅಳೆಯಲು 33 ಹೇಳಿಕೆಗಳ ಒಂದು ಪಟ್ಟಿ ಸಿದ್ಧಮಾಡಿದರು. ಮಾತಾಡಲು ಅಂಜಿಕೆ, ಪರೀಕ್ಷೆಯ ಭಯ, ಬೇರೆಯವರು ನಮ್ಮನ್ನು ಕೀಳಾಗಿ ಕಂಡಾರೆಂಬ ದಿಗಿಲು, ಈ ಮೂರನ್ನು ಅವರು ಮುಂದಿಟ್ಟುಕೊಂಡಿದ್ದರು. ಆ ಹೇಳಿಕೆಗಳನ್ನು ನಾನು ವಿದ್ಯಾರ್ಥಿಗಳ ಮಾತೃಭಾಷೆಗೆ ಇಳಿಸಿಕೊಂಡು ಕೊಟ್ಟೆ. ಇಂಗ್ಲಿಷ್ ಕಂಡರೆ ಎಷ್ಟು ಹೆದರಿಕೆ ಎಂದು ಇಂಗ್ಲಿಷ್‌ನಲ್ಲಿ ಕೇಳಿ ನಿಜವಾದ ಉತ್ತರ ಪಡೆಯಲು ಆಗುವುದಿಲ್ಲ.

ಹೆದರಿಕೆ ಎಂದರೆ ಅದು ಹಿಂದುಳಿದವರ ಪಾಡು ಎಂದು ನಾವು ಎಣಿಸುತ್ತೇವೆ. ಹಾಳೆಗಳು ಬೇರೆಯದನ್ನೇ ಹೇಳಿದವು. ಬರಹದಲ್ಲಿ ತರಗತಿಗೇ ಮೊದಲಿಗಳಾಗಿದ್ದ ಒಬ್ಬ ವಿದ್ಯಾರ್ಥಿನಿ ಆತಂಕದಲ್ಲೂ ಎಲ್ಲರಿಗಿಂತ ಮೇಲೆ ಇದ್ದಳು. ಮಾತಾಡಿಸಿದಾಗ ಹೇಳಿದಳು: "ಎಲ್ಲರೂ ನಾನು ಚೆನ್ನಾಗಿ ಮಾತಾಡ್ತೀನಿ ಅಂದ್ಕೊಂಡಿದಾರೆ ಮೇಡಂ. ಬಾಯಿ ಬಿಟ್ಟು ತಪ್ಪಾದರೆ ಆ ಹೆಸರೂ ಹೋಗುತ್ತೆ." ಅವಳು ಕಾಪಾಡಿಕೊಳ್ಳುತ್ತಿದ್ದುದು ಹೆಸರನ್ನು, ಅದಕ್ಕೆ ತೆರುತ್ತಿದ್ದ ಬೆಲೆ ಕಲಿಕೆ. ಇಂಥವರು ಪ್ರತಿ ತರಗತಿಯಲ್ಲೂ ಇರುತ್ತಾರೆ, ಅಂಕಪಟ್ಟಿ ಚೆನ್ನಾಗಿರುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ.

ಧೈರ್ಯದ ಮಾತು ಹೇಳಿ ಹೆದರಿಕೆ ಇಳಿಸಲು ಬರುವುದಿಲ್ಲ. ಇಳಿಸಿದ್ದು ಏರ್ಪಾಡು. ಇಡೀ ತರಗತಿಯ ಎದುರು ಎಬ್ಬಿಸಿ ನಿಲ್ಲಿಸುವುದನ್ನು ಬಿಟ್ಟು, ಮೊದಲು ಇಬ್ಬಿಬ್ಬರು, ಆಮೇಲೆ ನಾಲ್ವರು ಎಂದು ಮಾಡಿದೆ. ಒಂದೇ ಮಾತುಕತೆಯನ್ನು ಜೋಡಿ ಬದಲಿಸಿ ಮೂರು ಸಲ ಆಡಿಸಿದೆ. ಮೊದಲ ಸಲ ತಡವರಿಸಿದವರು ಮೂರನೆಯ ಸಲಕ್ಕೆ ಕೈ ಆಡಿಸುತ್ತಾ ಮಾತಾಡುತ್ತಿದ್ದರು. ಎದುರಿನವರು ಹೊಸಬರಾದ್ದರಿಂದ ಮತ್ತೆ ಹೇಳುವುದು ಗಿಳಿಪಾಠವಾಗುತ್ತಿರಲಿಲ್ಲ. ಮೊದಲಿಗಳಾದ ಆ ಹುಡುಗಿ ಮೀಟಿಂಗ್ ಅಭ್ಯಾಸದಲ್ಲಿ ನಡಾವಳಿ ಬರೆಯುವ ಪಾತ್ರ ವಹಿಸಿಕೊಂಡಳು. ನಡಾವಳಿ ಬರೆಯುವವರು ನಡುನಡುವೆ "ಇದನ್ನು ಇನ್ನೊಮ್ಮೆ ಹೇಳಿ", "ಹಾಗಾದರೆ ತೀರ್ಮಾನ ಇದೇನಾ?" ಎಂದು ಕೇಳಲೇಬೇಕು. ಅವಳ ಮಾತು ಶುರುವಾದದ್ದು ಆ ಬಾಗಿಲಿಂದ.

ಈಗ ನನಗೆ ಎಲ್ಲಕ್ಕಿಂತ ಮುಖ್ಯವೆಂದು ಕಂಡ ಸಂಗತಿಗೆ ಬರುತ್ತೇನೆ. ಬಿಸಿನೆಸ್ ಇಂಗ್ಲಿಷ್ ಕಲಿಕೆಯ ಬಗ್ಗೆ ಮಾತಾಡುವಾಗ ನಾವೆಲ್ಲ ಇಂಗ್ಲಿಷ್ ಬಗ್ಗೆ ಮಾತಾಡುತ್ತೇವೆ, ಬಿಸಿನೆಸ್ ಅನ್ನು ಬಿಟ್ಟುಬಿಡುತ್ತೇವೆ. ನಡೆಯುತ್ತಿರುವ ವ್ಯವಹಾರ ಏನೆಂದು ಗೊತ್ತಿಲ್ಲದವನಿಗೆ ಅದರ ಇಂಗ್ಲಿಷ್ ಬರುವುದಿಲ್ಲ.

ಸೆಮಿಸ್ಟರಿನ ಮೊದಲ ಕೆಲಸವಾಗಿ ಕೊಟ್ಟಿದ್ದ ಪ್ರಸಂಗ ಇದು: ಒಂದು ಕಂಪನಿ 40 ಕುರ್ಚಿಗೆ ಆರ್ಡರ್ ಕೊಟ್ಟಿದೆ, ಬಂದದ್ದು 34, ಇನ್‌ವಾಯ್ಸ್ ಮಾತ್ರ 40ಕ್ಕೆ ಬಂದಿದೆ. ಸಪ್ಲೈಯರ್‌ಗೆ ಮೇಲ್ ಬರೆಯಿರಿ. ಒಬ್ಬ ಹುಡುಗನ ಹಾಳೆ ನನ್ನ ಮುಂದೆ ಈಗಲೂ ಇದೆ. ವ್ಯಾಕರಣದ ಒಂದು ತಪ್ಪೂ ಇಲ್ಲ. ತಮ್ಮ ಸೇವೆಯಿಂದ ನಮಗೆ ತೀವ್ರ ನಿರಾಸೆಯಾಗಿದೆ, ಇದರಿಂದ ನಮ್ಮ ಹೆಸರಿಗೆ ಧಕ್ಕೆ ಬಂದಿದೆ, ಕೂಡಲೇ ಅಗತ್ಯ ಕ್ರಮ ಕೈಗೊಳ್ಳಬೇಕು, ಹೀಗೆ ತುಂಬು ವಾಕ್ಯಗಳು. ಆರ್ಡರ್ ನಂಬರ್ ಇಲ್ಲ. 40 ಇಲ್ಲ, 34 ಇಲ್ಲ. ಕುರ್ಚಿ ಎಂಬ ಪದವೇ ಇಲ್ಲ. ಯಾವ ಕಂಪನಿಗೆ ಯಾವ ದೂರಿಗೆ ಬೇಕಾದರೂ ಕಳಿಸಬಹುದಾದ ಮೇಲ್ ಅದು, ಕಂಠಪಾಠದಿಂದ ಬಂದದ್ದು.

ಅವನನ್ನು ಕರೆದು, "ನೀನೇ ಸಪ್ಲೈಯರ್ ಅಂದುಕೋ. ಈ ಮೇಲ್ ಓದಿದೆ. ಈಗ ಎದ್ದು ಏನು ಮಾಡ್ತೀಯ?" ಎಂದು ಕೇಳಿದೆ.

ಸ್ವಲ್ಪ ಯೋಚಿಸಿ, "ಸಾರಿ ಹೇಳ್ತೀನಿ ಮೇಡಂ" ಎಂದ.

"ಸಾರಿ ಹೇಳಿದರೆ ಇವರಿಗೆ ಕುರ್ಚಿ ಬರುತ್ತಾ?"

ಅವನಿಗೆ ಉತ್ತರ ಗೊತ್ತಿರಲಿಲ್ಲ. ಬಾಕಿ ಆರು ಕುರ್ಚಿ ಕಳಿಸಬಹುದು, ಇಲ್ಲವೇ ಆ ಆರರ ಮೊತ್ತಕ್ಕೆ ಕ್ರೆಡಿಟ್ ನೋಟ್ (ಬಿಲ್ಲಿನಿಂದ ಅಷ್ಟು ಹಣ ಕಳೆದಿದ್ದೇವೆ ಎಂದು ಮಾರುವವರು ಕೊಡುವ ಕಾಗದ) ಕೊಟ್ಟು ಲೆಕ್ಕ ಸರಿಮಾಡಬಹುದು, ಎರಡೇ ದಾರಿ. ಕ್ರೆಡಿಟ್ ನೋಟ್ ಎಂದರೆ ಏನು ಎಂದು ಕೇಳಿದರೆ ಅಕೌಂಟೆನ್ಸಿ ಪಾಠದ ವ್ಯಾಖ್ಯೆ ಪಟಪಟನೆ ಬಂತು. ಅದೇ ಕಾಗದ ಇಲ್ಲಿ, ಈ ಜಗಳದಲ್ಲಿ, ಈ ಮೇಲ್‌ನಲ್ಲಿ ತನ್ನ ಕೆಲಸಕ್ಕೆ ಬರುತ್ತದೆ ಎಂಬುದು ಅವನಿಗೆ ಹೊಳೆದಿರಲಿಲ್ಲ. ಆ ಪಾಠ ಒಂದು ಕೋಣೆಯಲ್ಲಿ, ಈ ಪಾಠ ಇನ್ನೊಂದರಲ್ಲಿ, ನಡುವೆ ಗೋಡೆ.

ಮರುದಿನ ಪರ್ಚೇಸ್ ಆರ್ಡರ್ (ಏನು ಕೇಳಿದ್ದೆವು), ಡೆಲಿವರಿ ನೋಟ್ (ಏನು ಬಂತು), ಇನ್‌ವಾಯ್ಸ್ (ಎಷ್ಟಕ್ಕೆ ಬಿಲ್) ಮೂರರ ಮಾದರಿ ಮಾಡಿ ಗುಂಪು ಗುಂಪಿಗೆ ಹಂಚಿದೆ. ಮೂರನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡಿ, ಎಲ್ಲಿ ತಪ್ಪಿದೆ ಹೇಳಿ ಎಂದೆ. ಬಿಲ್ ಪಾಸ್ ಮಾಡುವ ಮುನ್ನ ಕಚೇರಿಗಳಲ್ಲಿ ನಿತ್ಯವೂ ನಡೆಯುವ ಕೆಲಸ ಇದು. ಆ ತರಗತಿಯಲ್ಲಿ ಇಂಗ್ಲಿಷ್‌ಗಿಂತ ಹೆಚ್ಚು ಅವರ ಮಾತೃಭಾಷೆಯೇ ಓಡಾಡಿತು, ನಾನು ತಡೆಯಲಿಲ್ಲ. ವಿಷಯ ಗಟ್ಟಿಯಾಗುವುದಕ್ಕೆ ತಮ್ಮ ಭಾಷೆ ಬಳಸಿಕೊಂಡರೆ ಇಂಗ್ಲಿಷ್‌ಗೆ ನಷ್ಟವಿಲ್ಲ, ಲಾಭವೇ ಇದೆ ಎಂದು ನಾನು ಖಚಿತವಾಗಿ ಹೇಳಬಲ್ಲೆ.

ಆ ಹುಡುಗನ ಎರಡನೆಯ ಮೇಲ್‌ನಲ್ಲಿ ಆರ್ಡರ್ ನಂಬರ್, ತಾರೀಕು, ಮೂರು ಅಂಕಿ, ಬೇಕಾದದ್ದು ಏನೆಂಬ ಬೇಡಿಕೆ ಎಲ್ಲವೂ ಬಂತು. ವ್ಯಾಕರಣದ ತಪ್ಪೂ ಬಂತು, ಒಂದಲ್ಲ, ಐದಾರು. ಕಂಠಪಾಠದ ವಾಕ್ಯ ಬಿಟ್ಟು ತನ್ನ ವಾಕ್ಯ ಕಟ್ಟಲು ಹೊರಟವನಿಗೆ ಹಾಗಾಗುವುದು ಸಹಜ. ನಮ್ಮ ಅಂಕ ಹಾಕುವ ಪದ್ಧತಿಯಲ್ಲಿ ಮೊದಲ ಹಾಳೆಗೆ ಹೆಚ್ಚು, ಎರಡನೆಯದಕ್ಕೆ ಕಡಿಮೆ ಬೀಳುತ್ತದೆ. ಇದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಯಿತು. ಕಲಿಕೆ ಶುರುವಾದ ಗಳಿಗೆಯಲ್ಲೇ ನಾವು ಅಂಕ ಕತ್ತರಿಸುತ್ತೇವೆ. ಬುದ್ಧಿ ಇರುವ ವಿದ್ಯಾರ್ಥಿ ಕಂಠಪಾಠಕ್ಕೆ ಹಿಂತಿರುಗುತ್ತಾನೆ.

ಅವನ ಮೂರನೆಯ ಮೇಲ್ ಬರುವ ಮುಂಚೆ ಇನ್ನೊಂದು ಏರ್ಪಾಡು ಮಾಡಿದ್ದೆ. ಅರ್ಧ ತರಗತಿ ಕೊಳ್ಳುವವರು, ಅರ್ಧ ಮಾರುವವರು. ಈ ಕಡೆಯ ಮೇಲ್ ಆ ಕಡೆಗೆ ಹೋಗಬೇಕು, ಅವರು ಉತ್ತರ ಬರೆಯಬೇಕು. ಅವನ ಎರಡನೆಯ ಮೇಲ್‌ನಲ್ಲಿ ಎಲ್ಲವೂ ಇತ್ತು, ಆದರೆ ಧಾಟಿ ಅಪ್ಪಣೆಯದು. ಮಾರುವ ಕಡೆಯ ಹುಡುಗಿ ಅಷ್ಟೇ ಬಿಗಿಯಾಗಿ ಎರಡು ಸಾಲು ಬರೆದು ಕಳಿಸಿದಳು: ನಮ್ಮ ದಾಖಲೆಯ ಪ್ರಕಾರ 40 ಕಳಿಸಿದ್ದೇವೆ, ಪುರಾವೆ ಕೊಡಿ. ಅದನ್ನು ಓದಿ ಅವನ ಮುಖ ಕೆಂಪಾಯಿತು. ಆಮೇಲೆ ಕೂತು ಬರೆದ ಮೂರನೆಯದರಲ್ಲಿ ಡೆಲಿವರಿ ನೋಟಿನ ಪ್ರತಿ ಲಗತ್ತಿಸಿದ್ದಾನೆ, "ಕುಡ್ ಯು ಪ್ಲೀಸ್ ಚೆಕ್" ಎಂದು ಕೇಳಿದ್ದಾನೆ, ಎರಡು ದಾರಿ ಮುಂದಿಟ್ಟು ಶುಕ್ರವಾರದೊಳಗೆ ಯಾವುದೆಂದು ತಿಳಿಸಿ ಎಂದಿದ್ದಾನೆ. ವಿನಯದ ಮಾತುಗಳ ಪಟ್ಟಿಯನ್ನು ನಾನು ಅದಕ್ಕೆ ಮೊದಲೇ ಬೋರ್ಡಿನ ಮೇಲೆ ಬರೆದಿದ್ದೆ, ಎಲ್ಲರೂ ನೋಟ್ಸ್ ಮಾಡಿಕೊಂಡಿದ್ದರು. ಅದು ಅವನಿಗೆ ದಕ್ಕಿದ್ದು ಎದುರಿಗೆ ಕೋಪದಿಂದ ಓದುವವಳೊಬ್ಬಳು ಸಿಕ್ಕ ಮೇಲೆ.

ಕೆನಡಾದಲ್ಲಿ ಫ್ರೆಂಚ್ ಮಾಧ್ಯಮದಲ್ಲಿ ವರ್ಷಗಟ್ಟಲೆ ಓದಿದ ಇಂಗ್ಲಿಷ್ ಮಾತೃಭಾಷೆಯ ಮಕ್ಕಳು ಕೇಳಿ ಅರ್ಥ ಮಾಡಿಕೊಳ್ಳುವುದರಲ್ಲಿ ಬಹಳ ಮುಂದಿದ್ದರೂ ಮಾತು ಮತ್ತು ಬರಹದಲ್ಲಿ ಹಿಂದುಳಿದದ್ದನ್ನು ಮೆರಿಲ್ ಸ್ವೇನ್ 1985ರಲ್ಲಿ ತೋರಿಸಿದರು. ಕೇಳಿದ್ದು, ಓದಿದ್ದು ಸಾಲದು; ಹೇಳಬೇಕೆಂದು ಹೊರಟು ಹೇಳಲಾಗದೆ ನಿಂತಾಗ ತನ್ನ ಕೊರತೆ ತನಗೇ ಕಾಣುತ್ತದೆ ಎಂಬುದು ಅವರ ವಾದ. ಮೂರು ಮೇಲ್‌ಗಳ ನಡುವೆ ನಾನು ಕಂಡದ್ದು ಇದನ್ನೇ. ವ್ಯವಹಾರದ ಪತ್ರಗಳ ರಚನೆಯನ್ನು ಬಿಡಿಸಿ ನೋಡಿದ ವಿಜಯ್ ಭಾಟಿಯಾ ಅವರ 1993ರ ಕೆಲಸವೂ ಇಲ್ಲಿ ನನಗೆ ಬಹಳ ನೆರವಾಯಿತು. ಪತ್ರದ ಪ್ರತಿ ಭಾಗಕ್ಕೂ ಓದುಗನ ಮೇಲೆ ಮಾಡಬೇಕಾದ ಒಂದು ಕೆಲಸವಿದೆ ಎಂಬ ನೋಟ ಅದು. ಪ್ಯಾರಾ ಪ್ಯಾರಾಕ್ಕೂ "ಇದು ಇಲ್ಲಿ ಏನು ಮಾಡುತ್ತಿದೆ?" ಎಂದು ಅಂಚಿನಲ್ಲಿ ಬರೆಸುವುದು ನಮ್ಮ ತರಗತಿಯ ರೂಢಿಯಾಯಿತು.

ತಿದ್ದುವ ರೀತಿಯನ್ನೂ ಬದಲಿಸಿದೆ. ಮಾತಿನಲ್ಲಿ ತಪ್ಪಾದರೆ ನಾವು ಮೇಷ್ಟ್ರುಗಳು ಸಾಮಾನ್ಯವಾಗಿ ಸರಿರೂಪವನ್ನು ನಾವೇ ಮೆಲ್ಲನೆ ಹೇಳಿ ಮುಂದೆ ಹೋಗುತ್ತೇವೆ. ರಾಯ್ ಲಿಸ್ಟರ್ ಮತ್ತು ಲೀಲಾ ರಾಂಟಾ 1997ರಲ್ಲಿ ತರಗತಿಗಳ ಮಾತನ್ನು ದಾಖಲಿಸಿ ನೋಡಿದಾಗ, ಶಿಕ್ಷಕರು ಅತಿ ಹೆಚ್ಚು ಬಳಸುವುದು ಈ ಕ್ರಮವನ್ನೇ, ವಿದ್ಯಾರ್ಥಿ ಗಮನಿಸಿ ಪ್ರತಿಕ್ರಿಯಿಸುವುದು ಅತಿ ಕಡಿಮೆಯೂ ಇದರಲ್ಲೇ ಎಂದು ಕಂಡಿತು. ಹಾಗಾಗಿ ಉತ್ತರ ಕೊಡದೆ ತಡೆದು ನಿಲ್ಲಿಸಿ, "ಇನ್ನೊಮ್ಮೆ ಹೇಳು ನೋಡೋಣ" ಎನ್ನತೊಡಗಿದೆ. ಬರಹದಲ್ಲಿ ಎಲ್ಲ ತಪ್ಪಿಗೂ ಕೆಂಪು ಶಾಯಿ ಬಳಿಯುವುದನ್ನು ಬಿಟ್ಟು, ಓದುಗನಿಗೆ ಅರ್ಥ ಕೆಡಿಸುವ ತಪ್ಪನ್ನು ಮಾತ್ರ ಗುರುತಿಸಿ, ಅದೇ ಹಾಳೆಯನ್ನು ಮತ್ತೆ ಬರೆಸಿದೆ. ಮತ್ತೆ ಬರೆಯುವ ಅವಕಾಶ ಇಲ್ಲದಿದ್ದರೆ ತಿದ್ದುಪಡಿಯನ್ನು ಯಾರೂ ಓದುವುದಿಲ್ಲ, ಅಂಕ ನೋಡಿ ಮಡಿಚಿಡುತ್ತಾರೆ.

ಪ್ರೇರಣೆಯ ಬಗ್ಗೆ ಬರೆಯದಿದ್ದರೆ ಈ ಕಥನ ಪೂರ್ತಿಯಾಗುವುದಿಲ್ಲ. ರಾಬರ್ಟ್ ಗಾರ್ಡ್‌ನರ್ ಮತ್ತು ವ್ಯಾಲೇಸ್ ಲ್ಯಾಂಬರ್ಟ್ ಬಹಳ ಹಿಂದೆಯೇ ಎರಡು ಬಗೆಯ ಪ್ರೇರಣೆಯನ್ನು ಬೇರ್ಪಡಿಸಿದ್ದರು: ಆ ಭಾಷೆಯ ಜನರೊಡನೆ ಬೆರೆಯಬೇಕೆಂಬ ಆಸೆ ಒಂದು, ಅದರಿಂದ ಆಗುವ ಪ್ರಯೋಜನದ ಆಸೆ ಇನ್ನೊಂದು. ಬಿಸಿನೆಸ್ ಇಂಗ್ಲಿಷ್ ಕಲಿಯುವವರದ್ದು ಬಹುತೇಕ ಎರಡನೆಯದು. ಆದರೆ "ಕೆಲಸ ಸಿಗಬೇಕು" ಎಂಬ ಪ್ರಯೋಜನ ಎಲ್ಲರಿಗೂ ಒಂದೇ ಇದ್ದರೂ ಎಲ್ಲರೂ ಒಂದೇ ಸಮನೆ ದುಡಿಯಲಿಲ್ಲ. ಜೋಲ್ಟಾನ್ ಡೋರ್ನ್ಯೇಯಿ 2005ರ ಹೊತ್ತಿಗೆ ಮುಂದಿಟ್ಟ ವಿಚಾರ ನನಗೆ ಹೆಚ್ಚು ಒಪ್ಪಿತವಾಯಿತು. ಆ ಭಾಷೆಯಾಡುವ ನಾಳಿನ ತನ್ನ ಚಿತ್ರ ಎಷ್ಟು ಸ್ಪಷ್ಟವಾಗಿ ಕಾಣುತ್ತದೋ ಇಂದಿನ ದುಡಿಮೆ ಅಷ್ಟು. ಮನೆಯವರ, ಮೇಷ್ಟ್ರುಗಳ ಒತ್ತಾಯದಿಂದ ಮೂಡಿದ ಚಿತ್ರ ಬೇರೆಯೇ. ಮೊದಲ ಸೆಮಿಸ್ಟರ್ ಮುಗಿದು ಇಂಟರ್ನ್‌ಶಿಪ್‌ಗೆ ಹೋಗಿ ಬಂದವರಲ್ಲಿ ಈ ವ್ಯತ್ಯಾಸ ಎದ್ದು ಕಂಡಿತು. ಕಚೇರಿಯಲ್ಲಿ ಕೂತು ನಾಲ್ಕು ಮೇಲ್ ಬರೆದು ಬಂದವರು ಬೇರೆಯೇ ಮನುಷ್ಯರಾಗಿ ಮರಳಿದರು. ಫೈಲು ಎತ್ತಿಡುವ ಕೆಲಸ ಮಾತ್ರ ಸಿಕ್ಕವರು ಹೋದಂತೆಯೇ ಬಂದರು, ಅವರಲ್ಲಿ ಇಬ್ಬರಿಗೆ ಉತ್ಸಾಹವೇ ಬತ್ತಿತ್ತು. ಇಂಟರ್ನ್‌ಶಿಪ್ ಎಂಬ ಹೆಸರಿಗಿಂತ ಅಲ್ಲಿ ಏನು ಮಾಡಿಸುತ್ತಾರೆ ಎಂಬುದನ್ನು ವಿಭಾಗದವರು ವಿಚಾರಿಸಿ ಕಳಿಸಬೇಕು.

ಸಮಯದ ಲೆಕ್ಕವನ್ನೂ ಮಾಡಿದೆ. ಭಾಷೆ ಎಷ್ಟು ಬರುತ್ತದೆ ಎಂದು ಅಳೆಯುವ ಯುರೋಪಿನ ಆರು ಹಂತದ ಮಾಪನದಲ್ಲಿ ನಾಲ್ಕನೆಯದಾದ ಬಿ-2 ತಲುಪಲು ಮೊದಲಿಂದ ಒಟ್ಟು 500ರಿಂದ 600 ತಾಸಿನ ಮಾರ್ಗದರ್ಶಿತ ಕಲಿಕೆ ಬೇಕೆಂದು ಇಂಗ್ಲಿಷ್ ಪರೀಕ್ಷೆ ನಡೆಸುವ ಕೇಂಬ್ರಿಡ್ಜ್ ಸಂಸ್ಥೆ ಅಂದಾಜು ಕೊಡುತ್ತದೆ; ಅದರ ಕೆಳಗಿನ ಬಿ-1ಕ್ಕೆ 350ರಿಂದ 400. ಈ ಎರಡರ ನಡುವೆಯೇ ಸುಮಾರು ನೂರೈವತ್ತರಿಂದ ಇನ್ನೂರು ತಾಸು. ವಾರಕ್ಕೆ 4 ತಾಸಿನಂತೆ 15 ವಾರ ನಡೆಯುವ ಒಂದು ಸೆಮಿಸ್ಟರಿನಲ್ಲಿ ಸಿಗುವುದು 60. ತರಗತಿಯೊಂದೇ ಸಾಲದೆಂಬುದು ಇಲ್ಲೇ ಸ್ಪಷ್ಟ. ಹೊರಗೆ ದಿನವೂ ಸ್ವಲ್ಪ ಸ್ವಲ್ಪ ಓದಿ ಬರೆದವರಿಗೂ, ವಾರಕ್ಕೊಮ್ಮೆ ಮಾತ್ರ ಪುಸ್ತಕ ತೆರೆದವರಿಗೂ ಕೊನೆಯ ಹಾಳೆಯಲ್ಲಿ ಅಂತರ ಕಾಣುತ್ತಿತ್ತು. ತರಗತಿ ದೊಡ್ಡದಾದಷ್ಟೂ ಒಬ್ಬೊಬ್ಬರ ಬಾಯಿಗೆ ಸಿಗುವ ನಿಮಿಷ ಕಡಿಮೆ, ಅದಕ್ಕೆ ವಿವರಣೆ ಬೇಕಿಲ್ಲ.

ಮೇಲ್ ಬರೆದುಕೊಡುವ ಎಐ ಸಲಕರಣೆಗಳನ್ನು ಮಕ್ಕಳು ಬಳಸುತ್ತಾರೆ, ಬಳಸಬೇಡಿ ಎಂದು ನಾನು ಹೇಳಲಿಲ್ಲ. ತಮ್ಮ ಕರಡು ಬರೆದ ಮೇಲೆ ಅದರಿಂದ ತಿದ್ದಿಸಿ, ಎಲ್ಲಿ ಯಾಕೆ ಬದಲಾಯಿತು ಎಂದು ನೋಡಿದವರು ಕಲಿತರು. ಮೊದಲೇ ಅದರಿಂದ ಬರೆಸಿಕೊಂಡವರ ಹಾಳೆ ಆ ಕಂಠಪಾಠದ ಮೇಲ್‌ನ ಹಾಗೇ ಇತ್ತು: ತಪ್ಪಿಲ್ಲ, ಕುರ್ಚಿಯೂ ಇಲ್ಲ. "ಕರಡು ಮೊದಲು, ಯಂತ್ರ ಆಮೇಲೆ, ಎರಡನ್ನೂ ಲಗತ್ತಿಸಿ" ಎಂಬ ನಿಯಮ ಮಾಡಿದೆ.

ಉಳಿದಿರುವ ದೊಡ್ಡ ಅಡ್ಡಿ ಪರೀಕ್ಷೆ. "ಸರಕು ಕಡಿಮೆ ಬಂದಿದೆಯೆಂದು ಸಪ್ಲೈಯರ್‌ಗೆ ಪತ್ರ ಬರೆಯಿರಿ" ಎಂಬ ಒಂದೇ ಸಾಲಿನ ಪ್ರಶ್ನೆಗೆ ಕಂಠಪಾಠವೇ ಸರಿಯಾದ ಸಿದ್ಧತೆ. ತರಗತಿಯಲ್ಲಿ ಏನೇ ಮಾಡಿದರೂ ಕೊನೆಯ ತಿಂಗಳು ವಿದ್ಯಾರ್ಥಿಗಳು ಗೈಡಿನ ಕಡೆ ಓಡುವುದನ್ನು ಆ ಪ್ರಶ್ನೆಯೇ ಮಾಡಿಸುತ್ತದೆ. ಅಧ್ಯಯನ ಮಂಡಳಿಗೆ ನಾನು ಕೊಟ್ಟ ಪ್ರಸ್ತಾವದಲ್ಲಿ ಎರಡೇ ಬೇಡಿಕೆ ಇದ್ದವು. ಪ್ರಶ್ನೆಯ ಜೊತೆ ಆರ್ಡರ್, ಡೆಲಿವರಿ ನೋಟ್, ಇನ್‌ವಾಯ್ಸ್ ಅಚ್ಚಾಗಬೇಕು. ಓದುಗ ಮುಂದೇನು ಮಾಡಬೇಕೆಂದು ಪತ್ರದಿಂದ ತಿಳಿಯುತ್ತದೆಯೇ ಎಂಬುದಕ್ಕೆ ವ್ಯಾಕರಣಕ್ಕಿಂತ ಹೆಚ್ಚು ಅಂಕ ಇರಬೇಕು. ಮಂಡಳಿಯಲ್ಲಿ ದೀರ್ಘ ಚರ್ಚೆಯಾಯಿತು. ಮೌಲ್ಯಮಾಪನ ಮಾಡುವವರೆಲ್ಲ ಇಂಗ್ಲಿಷ್ ಮೇಷ್ಟ್ರುಗಳು, ಇನ್‌ವಾಯ್ಸ್ ಓದಲು ಅವರಿಗೆ ತರಬೇತಿ ಬೇಕಾಗುತ್ತದೆ ಎಂಬ ಆಕ್ಷೇಪ ಬಂತು, ನ್ಯಾಯವಾದ ಆಕ್ಷೇಪವೇ. ಸದ್ಯಕ್ಕೆ ಇಂಟರ್ನಲ್ಸ್‌ನಲ್ಲಿ ಮಾಡಿ ನೋಡಿ ಎಂದು ಒಪ್ಪಿಗೆ ಸಿಕ್ಕಿದೆ. ಅಕೌಂಟೆನ್ಸಿಯ ಸಹೋದ್ಯೋಗಿಯೊಬ್ಬರು ನಮ್ಮ ಮೇಷ್ಟ್ರುಗಳಿಗೆ ಆ ಕಾಗದಗಳನ್ನು ಓದುವುದು ಹೇಳಿಕೊಡಲು ಮುಂದೆ ಬಂದಿದ್ದಾರೆ. ಬರುವ ಸೆಮಿಸ್ಟರಿನ ಮೊದಲ ಇಂಟರ್ನಲ್ಸ್‌ನ ಪ್ರಶ್ನೆಪತ್ರಿಕೆಯನ್ನು ಈಗ ಇಬ್ಬರೂ ಕೂತು ಸಿದ್ಧಪಡಿಸುತ್ತಿದ್ದೇವೆ.